ಹಾಯಿಕಂಬ ನಿಲ್ಲಿಸಲು ನಾಲ್ಕು ಜನ ಬೇಡ

ಕಳೆದ ಅಕ್ಟೋಬರ್‌ನಲ್ಲಿ ಪಡುಕೆರೆಯ ಹತ್ತಿರ ಹೊಳೆಯ ದಂಡೆಯಲ್ಲಿ ಪರಿಚಿತರೊಬ್ಬರು ತಮ್ಮ ಹಾಯಿದೋಣಿಯ ಕಂಬ ಎತ್ತಿಸುತ್ತಿದ್ದರು. ಹೆಗಲು ಕೊಟ್ಟವರು ನಾಲ್ವರು, ನಾಲ್ವರೂ ಗಟ್ಟಿಗರು. ಕಂಬ ಅರ್ಧ ಎದ್ದಿತು, ಎಡಕ್ಕೆ ವಾಲಿತು, ನಾಲ್ವರೂ ಬಲಕ್ಕೆ ಹಾರಿದರು. ಬುಡದ ಕೀಲು ತಿರುಚಿಕೊಂಡು ಕಿತ್ತು ಬಂತು. ಆ ದೋಣಿ ನೀರು ಕಂಡಿದ್ದು ಡಿಸೆಂಬರ್‌ನಲ್ಲಿ. ಇಂಥದ್ದನ್ನು ನಾನು ನೋಡಿದ್ದು ಅದು ಮೂರನೇ ಸಲ, ಮೂರು ಸಲವೂ ಎಡವಟ್ಟಾದದ್ದು ಒಂದೇ ಕಡೆ. ಭಾರಕ್ಕೆ ಹೆದರಿ ಜನ ಸೇರಿಸಿದ್ದರು, ಪಕ್ಕಕ್ಕೆ ವಾಲದ ಹಾಗೆ ಕಟ್ಟುವುದನ್ನು ಮಾತ್ರ ಮರೆತಿದ್ದರು.

ನನ್ನದು ಟ್ರೇಲರ್ ಮೇಲೆ ಅಂಗಳದಲ್ಲೇ ಇರುವ 18 ಅಡಿಯ ದೋಣಿ. ಅಲ್ಯೂಮಿನಿಯಂ ಕಂಬದ ಉದ್ದ ಏಳು ಮೀಟರ್. ತಂತಿಗಳೆಲ್ಲ ಸೇರಿದರೂ ತೂಕ 18 ಕೆ.ಜಿ., ಅರ್ಧ ಮುಡಿ ಅಕ್ಕಿಯಷ್ಟೂ ಇಲ್ಲ. ಅದನ್ನು ನಾನೊಬ್ಬನೇ ಮುಕ್ಕಾಲು ಗಂಟೆಯಲ್ಲಿ ನಿಲ್ಲಿಸುತ್ತೇನೆ.

ಮೊದಲ ಹೆಜ್ಜೆ, ತಲೆ ಎತ್ತಿ ನೋಡುವುದು. ಮೇಲೆ ವಿದ್ಯುತ್ ತಂತಿ ಇದ್ದರೆ ದೋಣಿಯನ್ನು ಅಲ್ಲಿಂದ ಎಳೆದುಕೊಂಡು ಹೋಗಿ. ಅಡಿಕೆ ತೋಟದಲ್ಲಿ ದೋಟಿ ಹಿಡಿದು ಕೆಲಸ ಮಾಡುವವರಿಗೆ ಇದನ್ನು ಹೇಳಬೇಕಿಲ್ಲ. ಅಲ್ಯೂಮಿನಿಯಂ ಇರಲಿ, ಕಾರ್ಬನ್ ಫೈಬರ್ ಇರಲಿ, ಎರಡರಲ್ಲೂ ವಿದ್ಯುತ್ ಹರಿಯುತ್ತದೆ. ಕಂಬ ನಿಲ್ಲಿಸಿದ ಮೇಲೆ ಟ್ರೇಲರ್ ಸಾಗಬೇಕಾದ ದಾರಿಯನ್ನೂ ಕೊನೆಯವರೆಗೆ ನಡೆದು ನೋಡಿ.

ನೆಲ ಸಮತಟ್ಟಾಗಿರಲಿ, ಚಕ್ರಗಳಿಗೆ ಮುರಕಲ್ಲು ಕೊಡಿ, ದೋಣಿಯನ್ನು ಟ್ರೇಲರ್‌ಗೆ ಬಿಗಿಯಿರಿ. ಬೆಳಿಗ್ಗೆ ಒಂಬತ್ತರೊಳಗೆ ಕೆಲಸ ಮುಗಿಸಿ. ನಮ್ಮ ಕರಾವಳಿಯಲ್ಲಿ ಬಿಸಿಲೇರಿದಂತೆ ಕಡಲ ಗಾಳಿ ಎದ್ದು, ಮಧ್ಯಾಹ್ನದ ಹೊತ್ತಿಗೆ ಕಂಬವನ್ನು ಪಕ್ಕದಿಂದ ತಳ್ಳತೊಡಗುತ್ತದೆ.

ಕಂಬವನ್ನು ದೋಣಿಯ ಹಿಂಭಾಗಕ್ಕೆ ಮಲಗಿಸಿ, ಸೊಂಟದೆತ್ತರದ ಕವೆಗೋಲಿನ ಮೇಲೆ ಆನಿಸಿ, ಬುಡಕ್ಕೆ ಕೀಲಿನ ಪಿನ್ ಹಾಕಿ. ಈಗ ದೋಣಿಯ ಮೂತಿಯಿಂದ ಮುಂತಂತಿ (ಕಂಬದ ಮೇಲ್ಭಾಗದಿಂದ ಮೂತಿಗೆ ಕಟ್ಟುವ ತಂತಿ) ಹಿಡಿದು ನೇರವಾಗಿ ಎಳೆಯೋಣ ಎಂದು ಎಲ್ಲರಿಗೂ ಅನಿಸುತ್ತದೆ. ಹಾಗೆ ಎಳೆದರೆ ಎಳೆತದ ಬಹುಪಾಲು ಕಂಬವನ್ನು ಕೀಲಿಗೆ ಒತ್ತುವುದರಲ್ಲೇ ಮುಗಿಯುತ್ತದೆ. ನನ್ನ ದೋಣಿಯ ಅಳತೆ ಹಿಡಿದು ಲೆಕ್ಕ ಹಾಕಿದ್ದೇನೆ, 18 ಕೆ.ಜಿ. ಕಂಬ ಮಿಸುಕಲು 135 ಕೆ.ಜಿ.ಯಷ್ಟು ಎಳೆತ ಬೇಕು. ಇದಕ್ಕೆ ಮದ್ದು ಎತ್ತುಗೋಲು. ಎರಡು ಮೀಟರ್ ಉದ್ದದ ಗಟ್ಟಿ ಪೈಪನ್ನು ಕಂಬದ ಬುಡದಿಂದ ಲಂಬವಾಗಿ ಮೇಲಕ್ಕೆ ನಿಲ್ಲಿಸಿ. ಕಂಬದ ಮೇಲಿನಿಂದ ಬರುವ, ಮುಂದಿನ ಹಾಯಿ ಏರಿಸುವ ಹಗ್ಗವನ್ನು ಈ ಕೋಲಿನ ತುದಿಗೆ ಕಟ್ಟಿ, ತುದಿಯಿಂದ ಮೂತಿಗೆ ನಾಲ್ಕೆಳೆಯ ರಾಟೆ ಜೋಡಿಸಿ. ಎಳೆತ 40 ಕೆ.ಜಿ.ಗೆ ಇಳಿಯುತ್ತದೆ, ರಾಟೆ ಅದನ್ನು ನಾಲ್ಕರಿಂದ ಭಾಗಿಸುತ್ತದೆ. ಉಜ್ಜಾಟ ಸೇರಿಸಿದರೂ ನಿಮ್ಮ ಕೈಗೆ ಬರುವುದು ಬಾವಿಯಿಂದ ಒಂದು ಕೊಡಪಾನ ನೀರು ಸೇದುವ ಭಾರ. ಹೊಸ ರಾಟೆ ಕೊಳ್ಳುವ ಅಗತ್ಯವಿಲ್ಲ, ದೊಡ್ಡ ಹಾಯಿಯನ್ನು ಹಿಡಿತದಲ್ಲಿಡಲು ದೋಣಿಯಲ್ಲೇ ಒಂದು ಜೊತೆ ಇರುತ್ತದೆ. ಕೆಲವರು ಎತ್ತುಗೋಲಿಗೆ ಮುಂತಂತಿಯನ್ನೇ ಕಟ್ಟುತ್ತಾರೆ. ಬೇಡ. ಕಂಬ ನಿಂತ ಮೇಲೆ ಮೂತಿಗೆ ಸಿಕ್ಕಿಸಬೇಕಾದದ್ದು ಅದೇ ತಂತಿ, ಆಗ ಅದನ್ನು ಬಿಚ್ಚುವುದು ಹೇಗೆ?

ಇನ್ನು ವಾಲುವ ವಿಚಾರ. ಕಂಬದ ಎರಡು ಪಕ್ಕದ ತಂತಿಗಳು ಇವೆಯಲ್ಲ, ಅವೇ ಹಿಡಿದುಕೊಳ್ಳುತ್ತವೆ ಎಂಬುದು ಎಲ್ಲರ ನಂಬಿಕೆ. ಆ ತಂತಿಗಳ ಕೆಳತುದಿ ಸಾಮಾನ್ಯವಾಗಿ ಕೀಲಿಗಿಂತ ಹಿಂದೆ, ಕೀಲಿಗಿಂತ ಕೆಳಗೆ ಇರುತ್ತದೆ. ಹಾಗಾಗಿ ಕಂಬ ಮಲಗಿದ್ದಾಗ ಅವು ಜೋಲುತ್ತವೆ, ಬಿಗಿಯಾಗುವುದು ಕಂಬ ಬಹುತೇಕ ನೆಟ್ಟಗಾದ ಮೇಲೆ. ಅಲ್ಲಿಯವರೆಗೆ ಏಳು ಮೀಟರ್ ಕಂಬವನ್ನು ಹಿಡಿದಿರುವುದು ಬೆರಳು ದಪ್ಪದ ಒಂದು ಪಿನ್.

ಎಡಕ್ಕೊಂದು ಬಲಕ್ಕೊಂದು ತಾತ್ಕಾಲಿಕ ಹಗ್ಗ ಕಟ್ಟಬೇಕು. ಮೇಲಿನ ತುದಿ ಕಂಬದ ಬುಡದಿಂದ ಎರಡು ಮೀಟರ್ ದೂರದಲ್ಲಿ. ಕೆಳತುದಿ ಎಲ್ಲಿ ಎಂಬುದರಲ್ಲೇ ಇಡೀ ವಿದ್ಯೆ ಇದೆ. ಕೀಲಿನ ಪಿನ್ನನ್ನು ಎರಡೂ ಕಡೆಗೆ ದೋಣಿಯ ಅಂಚಿನವರೆಗೆ ಎಳೆದು ಉದ್ದ ಮಾಡಿದಂತೆ ಊಹಿಸಿಕೊಳ್ಳಿ. ಹಗ್ಗದ ಕೆಳತುದಿ ಆ ಗೆರೆಯ ಮೇಲೆಯೇ ಇರಬೇಕು. ಹಾಗಿದ್ದರೆ ಕಂಬ ಎಷ್ಟೇ ಎದ್ದರೂ ಹಗ್ಗದ ಅಳತೆ ಬದಲಾಗುವುದಿಲ್ಲ, ಮೊದಲಿನಿಂದ ಕೊನೆಯವರೆಗೆ ಒಂದೇ ಬಿಗಿ.

ತೊಂದರೆ ಏನೆಂದರೆ ಆ ಗೆರೆ ಹಾದುಹೋಗುವುದು ಗಾಳಿಯಲ್ಲಿ, ಡೆಕ್‌ನಿಂದ ಒಂದು ಗೇಣು ಮೇಲೆ. ಅಲ್ಲಿ ಕೊಕ್ಕೆ ಹಾಕಲು ಏನೂ ಇಲ್ಲ. ಒಂದು ಸ್ಟೀಲ್ ಬಳೆ ತೆಗೆದುಕೊಳ್ಳಿ. ಅದಕ್ಕೆ ಮೂರು ತುಂಡು ಹಗ್ಗ ಕಟ್ಟಿ, ಒಂದನ್ನು ಮುಂದಕ್ಕೆ, ಒಂದನ್ನು ಹಿಂದಕ್ಕೆ, ಒಂದನ್ನು ನೇರ ಕೆಳಕ್ಕೆ ಬಿಗಿಯಿರಿ. ಪಕ್ಕದ ಹಗ್ಗ ಮೇಲಕ್ಕೆಳೆದಾಗ ಬಳೆ ಗಾಳಿಯಲ್ಲಿ ಅಲುಗಾಡದೆ ನಿಲ್ಲಬೇಕು. ಇನ್ನೊಂದು ಕಡೆಯೂ ಹೀಗೆಯೇ. ಮೇಸ್ತ್ರಿಗಳ ನೂಲನ್ನು ಒಂದು ಬಳೆಯಿಂದ ಇನ್ನೊಂದಕ್ಕೆ ಎಳೆದು ಹಿಡಿಯಿರಿ, ಅದು ಪಿನ್ನಿನ ನಡುವಿಗೇ ಹೊಂದಬೇಕು. ಎರಡು ಬೆರಳು ಆಚೀಚೆ ಆದರೂ ಬಿಚ್ಚಿ ಮತ್ತೆ ಕಟ್ಟಿ. ಮೊದಲ ಸಲ ನನಗೆ ಇದಕ್ಕೇ ಎರಡು ಗಂಟೆ ಹಿಡಿದಿತ್ತು. ಸರಿಯಾದ ಅಳತೆ ಸಿಕ್ಕಿದ ದಿನ ಗಂಟುಗಳ ಮೇಲೆ ಬಣ್ಣ ಹಚ್ಚಿಟ್ಟೆ, ಈಗ ಐದು ನಿಮಿಷದ ಕೆಲಸ. ಎತ್ತುಗೋಲಿನ ತುದಿಯಿಂದಲೂ ಅವೇ ಬಳೆಗಳಿಗೆ ಎರಡು ಹಗ್ಗ ಕಟ್ಟಲು ಮರೆಯಬೇಡಿ. ಕಂಬ ನೆಟ್ಟಗಿದ್ದು ಕೋಲು ಮಾತ್ರ ಪಕ್ಕಕ್ಕೆ ಮಲಗಿದರೂ ಗತಿ ಒಂದೇ.

ಹಗ್ಗದ ಬಗ್ಗೆ ಒಂದು ಮಾತು. ಬಂದರಿನ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುವ ನೈಲಾನ್ ಹಗ್ಗ ಲಂಗರಿಗೆ ಒಳ್ಳೆಯದು, ಇಲ್ಲಿ ಕೆಲಸಕ್ಕೆ ಬಾರದು, ರಬ್ಬರಿನಂತೆ ಹಿಗ್ಗುತ್ತದೆ. ಪಾಲಿಯೆಸ್ಟರ್ ಕೇಳಿ ತನ್ನಿ. ಬಳೆ, ಕೊಂಡಿಗಳು 316 ದರ್ಜೆಯ ಸ್ಟೀಲ್ ಆಗಿರಲಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಥಳಥಳಿಸುವ ಮಾಲು ನಮ್ಮ ಉಪ್ಪುಗಾಳಿಗೆ ಒಂದು ಮಳೆಗಾಲ ಕಳೆಯುವುದರೊಳಗೆ ಕಂದು ಬಣ್ಣಕ್ಕೆ ತಿರುಗಿದ್ದನ್ನು ಕಂಡಿದ್ದೇನೆ.

ಈಗ ಎಳೆಯಬಹುದು. ದೋಣಿಯೊಳಗೆ ನಿಲ್ಲಬೇಡಿ, ಮೂತಿಯ ಮುಂದೆ ನೆಲದ ಮೇಲೆ ನಿಲ್ಲಿ. ಏನೇ ತುಂಡಾದರೂ ಕಂಬ ಬೀಳುವುದು ಹಿಂದಕ್ಕೆ. ಒಂದು ಮೊಳ ಎಳೆದು, ಹಗ್ಗವನ್ನು ಜಾರದಂತೆ ಕಚ್ಚಿ ಹಿಡಿಯುವ ಕ್ಲೀಟ್‌ಗೆ ಸಿಕ್ಕಿಸಿ, ಸುತ್ತ ಒಮ್ಮೆ ನಡೆದು ನೋಡಿ. ಪಕ್ಕದ ತಂತಿಗಳನ್ನು ಬಿಗಿ ಮಾಡುವ ತಿರುಪು, ಅಂದರೆ ಟರ್ನ್‌ಬಕಲ್ ಅಡ್ಡ ತಿರುಗಿ ನಿಂತಿದ್ದರೆ ಕಂಬ ಏಳುವಾಗ ಬಾಗಿ ಹೋಗುತ್ತದೆ. ತಂತಿ ಯಾವುದಾದರೂ ಬಾಗಿಲಿನ ಮೂಲೆಗೋ ಕೊಕ್ಕೆಗೋ ಸಿಕ್ಕಿಕೊಂಡಿರುವುದೂ ಉಂಟು. ಭಾರ ಇರುವುದೆಲ್ಲ ಆರಂಭದಲ್ಲಿ, ಮೇಲೇರಿದಂತೆ ಹಗುರಾಗುತ್ತ ಹೋಗಬೇಕು. ನಡುವೆ ಎಲ್ಲಾದರೂ ಇದ್ದಕ್ಕಿದ್ದಂತೆ ಬಿಗಿಯಾಯಿತೋ, ಕೈ ನಿಲ್ಲಿಸಿ. ಅಲ್ಲಿ ಇನ್ನಷ್ಟು ಬಲ ಹಾಕಿದವರೇ ರಿಪೇರಿಗೆ ದುಡ್ಡು ತೆತ್ತವರು. ನನ್ನ ಕಂಬ ನೋಡಲು ಬಂದಿದ್ದ ಮಲ್ಪೆಯ ಹಿರಿಯ ಮೀನುಗಾರರೊಬ್ಬರು, ‘ಅದು ಬರುವುದಿಲ್ಲ ಅಂದರೆ ಅದಕ್ಕೊಂದು ಕಾರಣ ಇದೆ ಮಾರಾಯರೇ, ಹೋಗಿ ನೋಡಿ’ ಎಂದಿದ್ದರು. ಹೋಗಿ ನೋಡಿದೆ, ತಂತಿಯೊಂದು ಟ್ರೇಲರ್‌ನ ದೀಪಕ್ಕೆ ಸುತ್ತಿಕೊಂಡಿತ್ತು.

ಕಂಬ ನೆಟ್ಟಗಾದೊಡನೆ ಮುಂತಂತಿಯನ್ನು ಮೂತಿಗೆ ಸಿಕ್ಕಿಸಿ, ಆ ತಂತಿಯ ಪಿನ್ನು ಕಳಚದಂತೆ ಸ್ಪ್ಲಿಟ್ ಪಿನ್ ಹಾಕಿ. ಅದಾಗುವವರೆಗೆ ರಾಟೆಯನ್ನು ಮುಟ್ಟಬೇಡಿ.

ಮಳೆಗಾಲದ ಮೊದಲು, ನಾನಂತೂ ಮೇ ಮುಗಿಯುವುದರೊಳಗೆ, ಕಂಬ ಇಳಿಸಬೇಕು. ಕ್ರಮ ಇದೇ, ಹಿಂದುಮುಂದು. ರಾಟೆ, ಎತ್ತುಗೋಲು, ಬಳೆಗಳೆಲ್ಲ ಮತ್ತೆ ಕಟ್ಟಿದ ಮೇಲೆಯೇ ಮುಂತಂತಿ ಬಿಚ್ಚಿ. ಆದರೂ ಕಂಬ ತಾನಾಗಿ ಹಿಂದಕ್ಕೆ ಬಾಗುವುದಿಲ್ಲ. ರಾಟೆಯ ಹಗ್ಗವನ್ನು ಸ್ವಲ್ಪವೇ ಸಡಿಲಿಸಿ ಕ್ಲೀಟ್‌ಗೆ ಸಿಕ್ಕಿಸಿ, ಹಿಂದೆ ಹೋಗಿ ದೊಡ್ಡ ಹಾಯಿ ಏರಿಸುವ ಹಗ್ಗದಿಂದ ಕಂಬವನ್ನು ಮೆಲ್ಲಗೆ ಎಳೆದು, ಸಡಿಲು ಮುಗಿದು ಬಿಗಿಯಾದ ಮೇಲೆ ಮುಂದಕ್ಕೆ ಬಂದು ಇಳಿಸತೊಡಗಿ. ಕೈಗವಸು ಹಾಕಿಕೊಳ್ಳಿ, ಹಗ್ಗ ಜಾರುವುದು ಇಳಿಸುವಾಗ.