ಮಲ್ಪೆ, ಮಂಗಳೂರು ಕಡೆ ಜೋಡಿಯಾಗಿ ಬರುವವರಿಗೆ, ರಾತ್ರಿ ಊಟದ ಬಗ್ಗೆ

ಡಿಸೆಂಬರ್ ರಜೆಗೆ ಇಬ್ಬರೇ ಬರುತ್ತಿದ್ದೀರಾ? ಗೊತ್ತಿಲ್ಲದ ಹೋಟೆಲಾದರೆ ಮೊದಲೇ ಒಂದು ಫೋನ್ ಮಾಡಿ. ಟೇಬಲ್ ಇದೆಯಾ ಅಂತ ಮಾತ್ರ ಅಲ್ಲ, ಹೊರಗೆ ಕೂರಲು ಜಾಗ ಇದೆಯಾ, ಕೊನೇ ಆರ್ಡರ್ ಎಷ್ಟು ಗಂಟೆಗೆ ಅಂತಲೂ ಕೇಳಿ. ಡಿಸೆಂಬರ್‌ನಲ್ಲಿ ಇಲ್ಲಿ ಸೂರ್ಯ ಆರು ದಾಟುತ್ತಲೇ ಮುಳುಗುತ್ತಾನೆ. ಸಮುದ್ರ ನೋಡುತ್ತಾ ಊಟ ಮಾಡೋಣ ಅಂತ ಎಂಟಕ್ಕೆ ಹೋದರೆ ಬರೀ ಕತ್ತಲೆ, ಅದಕ್ಕೇ ಐದೂವರೆಗೇ ಹೋಗಿ ಚಹಾ ಕುಡಿಯುತ್ತಾ ಕೂತು, ನಿಧಾನಕ್ಕೆ ಊಟ ಹೇಳಿ.

ಮೆನುವಿನಲ್ಲಿ ಮೀನಿನ ಮುಂದೆ ರೇಟ್ ಇಲ್ಲದೆ ಸೈಜ್ ಪ್ರಕಾರ ಅಂತ ಇದ್ದರೆ ಸುಮ್ನೆ ತಲೆಯಾಡಿಸಬೇಡಿ. ಮೀನು ತಂದು ತೋರಿಸಿ ಅನ್ನಿ. ಇಡೀ ಮೀನಾದರೆ ಕಣ್ಣು ಉಬ್ಬಿ ಹೊಳೆಯುತ್ತಿರಬೇಕು, ಕಿವಿರು ಕೆಂಪಗಿರಬೇಕು. ಆರಿಸಿ, ರೇಟ್ ಕೇಳಿ, ಆಮೇಲೆ ಹುರಿಯಲು ಕಾವಲಿಗೆ ಹೋಗಲಿ. ಎಲ್ಲರೂ ಕೇಳುತ್ತಾರೆ, ಸಂಕೋಚ ಬೇಡ. ಜೊತೆಗಿರುವವರಿಗೆ ಮುಳ್ಳು ಬಿಡಿಸಿ ಅಭ್ಯಾಸ ಇಲ್ಲದಿದ್ದರೆ ಬಂಗುಡೆ ಬಿಟ್ಟು ಅಂಜಲ್ ತುಂಡು ಹೇಳಿ. ನಡುವಿನ ಮುಳ್ಳು ತೆಗೆದರೆ ತಿನ್ನೋದು ಸುಲಭ, ಮಾತಾಡಲೂ ಪುರುಸೊತ್ತು ಸಿಗುತ್ತದೆ.

ಘೀ ರೋಸ್ಟ್, ಅಂದರೆ ತುಪ್ಪದಲ್ಲಿ ಕೆಂಪು ಮಸಾಲೆ ಹಾಕಿ ಹುರಿದ ಕೋಳಿ ಅಥವಾ ಸಿಗಡಿ, ಖಾರ ಜಾಸ್ತಿ ಇರುತ್ತದೆ. ಪಕ್ಕಕ್ಕೆ ನೀರುದೋಸೆ ಇರಲಿ, ಒಂದು ಪ್ಲೇಟ್ ಇಬ್ಬರಿಗೂ ಸಾಕು.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ತಾಜಾ ಮೀನು ಕಡಿಮೆ, ಆಗ ಬಂದವರು ಕೋರಿರೊಟ್ಟಿ (ಗರಿಗರಿ ಅಕ್ಕಿ ರೊಟ್ಟಿ, ಮೇಲೆ ಕೋಳಿ ಸಾರು) ತಿನ್ನುವುದೇ ಒಳ್ಳೆಯದು ಅಲ್ವಾ? ಕೊನೆಗೆ ಒಂದೇ ಗಡ್‌ಬಡ್ ಐಸ್‌ಕ್ರೀಂ, ಎರಡು ಚಮಚ. ವಾಪಸ್ ಹೋಗಲು ಆಟೋ ಮೊದಲೇ ಹೇಳಿಟ್ಟುಕೊಳ್ಳಿ, ಬೀಚ್ ರಸ್ತೆಯಲ್ಲಿ ರಾತ್ರಿ ಸಿಗುವುದು ಕಷ್ಟ.