ವಿದೇಶಕ್ಕೆ ಸರಕು ಕಳಿಸುವ ಮುಂಚೆ ತಲೆಯಲ್ಲಿರುವುದನ್ನು ಬರೆದಿಡಿ

ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆ ಕಾಳುಮೆಣಸು, ಅಪ್ಪೆಮಿಡಿ ಉಪ್ಪಿನಕಾಯಿ, ಅಡಿಕೆ ಹಾಳೆ ತಟ್ಟೆ ಮಾಡುವ ಸಣ್ಣ ಘಟಕದವರು ರಫ್ತು ಅಂದ ಕೂಡಲೇ ಕೇಳುವುದು ಲೈಸೆನ್ಸ್ ಬಗ್ಗೆ. ಅದು ಅಷ್ಟು ಕಷ್ಟವಲ್ಲ. ಡಿಜಿಎಫ್‌ಟಿ (ಕೇಂದ್ರದ ವಿದೇಶ ವ್ಯಾಪಾರ ನಿರ್ದೇಶನಾಲಯ) ವೆಬ್‌ಸೈಟಿನಲ್ಲಿ 500 ರೂಪಾಯಿ ಕಟ್ಟಿ ಅರ್ಜಿ ಹಾಕಿದರೆ ಐಇಸಿ, ಅಂದರೆ ಆಮದು-ರಫ್ತು ಕೋಡ್, ಸಿಗುತ್ತದೆ, ಅದರ ನಂಬರ್ ನಿಮ್ಮ ಪ್ಯಾನ್ ನಂಬರೇ. ಇನ್ನು ನೋಂದಣಿ: ಮೆಣಸಿಗೆ ಸ್ಪೈಸಸ್ ಬೋರ್ಡ್, ಉಪ್ಪಿನಕಾಯಿಗೆ ಅಪೆಡಾ (ಕೃಷಿ ಉತ್ಪನ್ನಗಳ ರಫ್ತು ಪ್ರಾಧಿಕಾರ), ತಿನ್ನುವ ವಸ್ತು ಯಾವುದೇ ಇರಲಿ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ). ನಿಜವಾದ ಕಷ್ಟ ಎರಡನೇ ಆರ್ಡರಿನಲ್ಲಿ ಬರುತ್ತದೆ. ಮೊದಲ ಸಲದ ಮಾಲು ಚೆನ್ನಾಗಿತ್ತು, ಅದೇ ಬೇಕು ಎಂದು ಖರೀದಿದಾರರು ಕೇಳುತ್ತಾರೆ. ಅದು ಹೇಗೆ ಅಷ್ಟು ಚೆನ್ನಾಗಿ ಬಂತು ಅಂತ ಎಲ್ಲೂ ಬರೆದಿರುವುದಿಲ್ಲ.

ಆದ್ದರಿಂದ ಮೊದಲು ಕೆಲಸ ಗೊತ್ತಿರುವವರ ಹತ್ತಿರ ಹೋಗಿ. ಮೆಣಸು ಒಣಗಿಸುವವರು ಒಂದು ಮುಷ್ಟಿ ಎತ್ತಿ ನೋಡಿ, ಒಂದು ಕಾಳು ಕಚ್ಚಿ, "ಇನ್ನೊಂದು ಬಿಸಿಲು ಬೇಕು" ಅಂತಾರೆ. ಹೇಗೆ ಗೊತ್ತಾಯ್ತು ಅಂದರೆ ಹೇಳೋಕೆ ಬರುವುದಿಲ್ಲ, ಅದು ಕೈಯಲ್ಲಿರುವ ವಿದ್ಯೆ. ಜಪಾನಿನ ಮ್ಯಾನೇಜ್‌ಮೆಂಟ್ ವಿದ್ವಾಂಸ ಇಕುಜಿರೊ ನೊನಾಕ 1991ರಲ್ಲಿ ಇದೇ ವಿಷಯದ ಮೇಲೆ ಬರೆದರು. ಅವರು ಕೊಡುವ ಉದಾಹರಣೆ ನನಗೆ ಬಹಳ ಇಷ್ಟ. ಮತ್ಸುಶಿತ ಕಂಪನಿಯ ಬ್ರೆಡ್ ಯಂತ್ರ ಹಿಟ್ಟನ್ನು ಸರಿಯಾಗಿ ನಾದುತ್ತಿರಲಿಲ್ಲ. ಕಂಪನಿಯವರೊಬ್ಬರು ಒಸಾಕಾದ ಹೋಟೆಲಿನ ಬ್ರೆಡ್ ಮಾಡುವವರ ಪಕ್ಕದಲ್ಲೇ ನಿಂತು ಕೆಲಸ ಕಲಿತರು. ಆತ ಹಿಟ್ಟನ್ನು ತಿರುಚಿ ಎಳೆಯುವುದನ್ನು ಗಮನಿಸಿದರು. ಆಮೇಲೆ ಯಂತ್ರದ ಒಳಗೆ ಏಣುಗಳನ್ನು ಕೂಡಿಸಿದರು, ಹಿಟ್ಟು ಸರಿಯಾಯಿತು.

ನೀವೂ ಹಾಗೇ ಪಕ್ಕದಲ್ಲಿ ನಿಲ್ಲಿ. ಮೊಬೈಲಿನಲ್ಲಿ ವಿಡಿಯೋ ಮಾಡಿ, ಆದರೆ ಅಷ್ಟಕ್ಕೇ ಬಿಡಬೇಡಿ. "ಚೆನ್ನಾಗಿರೋದು ಯಾವುದು" ಅಂತ ಕೇಳುವುದಕ್ಕಿಂತ "ಇದನ್ನ ಯಾಕೆ ತೆಗೆದು ಹಾಕಿದ್ರಿ" ಅಂತ ಕೇಳಿ, ಉತ್ತರ ತಕ್ಷಣ ಬರುತ್ತದೆ: ಜೊಳ್ಳು, ಬೂಷ್ಟು, ಮಿಡಿಯ ತೊಟ್ಟು ಮುರಿದಿದೆ, ಸೊನೆ ಹೋಗಿದೆ. ತೆಗೆದು ಹಾಕಿದ್ದರ ಫೋಟೋ ತೆಗೆದು, ಕಾರಣವನ್ನು ಅವರ ಮಾತಿನಲ್ಲೇ ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿ. ಅವರು "ಸಾಕು, ಒಣಗಿದೆ" ಅಂದ ಕ್ಷಣವೇ ತೇವಾಂಶದ ಮೀಟರ್ ಹಿಡಿದು ಅಂಕಿ ಬರೆದುಕೊಳ್ಳಿ. ಮೆಣಸಿಗೆ ಸಾಮಾನ್ಯವಾಗಿ 11-12 ಶೇಕಡಾ ಸುತ್ತ ಇರಬೇಕು; ಜಾಸ್ತಿಯಾದರೆ ಹಡಗಿನ ಕಂಟೇನರಿನಲ್ಲಿ ಬೂಷ್ಟು ಹಿಡಿಯುವ ಅಪಾಯ. ಬರೆದದ್ದನ್ನು ಅವರಿಗೇ ಓದಿ ಹೇಳಿ ತಿದ್ದಿಸಿ, ಆ ಕಾಗದದ ಮೇಲೆ ಅವರ ಹೆಸರು ಹಾಕಿ, ಕೂಲಿಯಲ್ಲೂ ಅದು ಕಾಣಲಿ. ಅವರ ವಿದ್ಯೆಯನ್ನು ಸುಮ್ನೆ ತೆಗೆದುಕೊಂಡು ಹೋಗುವುದು ನ್ಯಾಯವಲ್ಲ.

ಪ್ರತಿ ಲಾಟಿಗೂ, ಅಂದರೆ ಒಂದು ಸಲಕ್ಕೆ ತಯಾರಾದ ಮಾಲಿಗೂ, ನಂಬರ್ ಇರಲಿ. ಯಾರ ತೋಟ, ಯಾವತ್ತು ಕೊಯ್ದದ್ದು, ಯಾರು ಒಣಗಿಸಿದ್ದು, ಲ್ಯಾಬ್ ರಿಪೋರ್ಟ್, ಎಲ್ಲ ಒಂದೇ ಸಾಲಿನಲ್ಲಿ. ಅರ್ಧ ಕೆಜಿ ಸ್ಯಾಂಪಲ್ ಸೀಲ್ ಮಾಡಿ ಇಟ್ಟುಕೊಳ್ಳಿ. ಎಷ್ಟೋ ತಿಂಗಳಾದ ಮೇಲೆ ದೂರು ಬಂದರೆ ಹೋಲಿಸಿ ನೋಡೋಕೆ ಬೇರೆ ದಾರಿ ಇಲ್ಲ.

ಇನ್ನು ಮಾರುಕಟ್ಟೆ. ಸ್ವೀಡನ್ನಿನ ಸಂಶೋಧಕರಾದ ಯೊಹಾನ್ಸನ್ ಮತ್ತು ವಾಲ್ನೆ 1977ರಲ್ಲಿ ಹೇಳಿದ್ದು ಇಷ್ಟು: ಕಂಪನಿಗಳು ಹೊರದೇಶದಲ್ಲಿ ಹೆಜ್ಜೆ ಹೆಜ್ಜೆಯಾಗಿ ಬೆಳೆಯುತ್ತವೆ, ಆ ಮಾರುಕಟ್ಟೆಯ ಮುಖ್ಯ ತಿಳಿವಳಿಕೆ ಅಲ್ಲಿ ವ್ಯಾಪಾರ ಮಾಡಿಯೇ ಬರಬೇಕು. ಸಣ್ಣವರಿಗೆ ಇದು ಇನ್ನೂ ನಿಜ. ಒಂದು ದೇಶ, ಒಬ್ಬಿಬ್ಬರು ಖರೀದಿದಾರರು, ಸಣ್ಣ ಪಾರ್ಸೆಲ್. ಅಂಚೆ ಇಲಾಖೆಯ ಡಾಕ್ ಘರ್ ನಿರ್ಯಾತ್ ಕೇಂದ್ರಗಳ ಮೂಲಕವೂ ಕಳಿಸಬಹುದು. ಆದರೆ ಕಲಿತದ್ದು ಮಾಲೀಕರ ವಾಟ್ಸಾಪಿನಲ್ಲಿ ಹೂತುಹೋದರೆ ಕಲಿತ ಹಾಗಲ್ಲ, ಅಲ್ವಾ? ಗೂಗಲ್ ಶೀಟಿನಲ್ಲಿ ದೇಶಕ್ಕೊಂದು ಪುಟ ಮಾಡಿ, ಖರೀದಿದಾರರು ಕೇಳಿದ್ದು, ಲೇಬಲ್ಲಿಗೆ ಬೇಕಾದದ್ದು, ಅಲ್ಲಿನ ನಿಯಮ ಬರೆಯಿರಿ. ಸರಕು ಇಡುವ ಮರದ ಪ್ಯಾಲೆಟ್ಟನ್ನು, ಕೀಟ ಸಾಯಲೆಂದು, 56 ಡಿಗ್ರಿಯಲ್ಲಿ 30 ನಿಮಿಷ ಬಿಸಿ ಮಾಡಿ ಮುದ್ರೆ ಹಾಕಿಸುವಂಥ ವಿಷಯವೂ ಅಲ್ಲೇ ಇರಲಿ.

ನಿಯಮದ ಪಕ್ಕ ಅದನ್ನು ಕೊನೆಗೆ ನೋಡಿದ ದಿನಾಂಕ ಇರಲೇಬೇಕು. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅಡಿಕೆ ಹಾಳೆಯ ತಟ್ಟೆ ಬಟ್ಟಲುಗಳಿಗೆ ಊಟಕ್ಕೆ ಬಳಸುವ ಅನುಮತಿ ಇಲ್ಲ ಎಂದು ಹೇಳಿ ಆಮದು ಎಚ್ಚರಿಕೆ ಹೊರಡಿಸಿತು. ಅಡಿಕೆಯಲ್ಲಿ ಸಹಜವಾಗಿರುವ ಆಲ್ಕಲಾಯ್ಡು ಎಂಬ ರಾಸಾಯನಿಕಗಳು ಊಟಕ್ಕೆ ಸೇರಬಹುದು ಎಂಬುದು ಕಾರಣ. ನಮ್ಮ ಕಡೆಯ ಹಾಳೆ ಘಟಕಗಳಿಗೆ ಇದು ದೊಡ್ಡ ಪೆಟ್ಟು. ಅಮೆರಿಕ ಒಂದನ್ನೇ ನಂಬಿದವರಿಗೆ ಇನ್ನೂ ಜಾಸ್ತಿ. ಹಾಗಾಗಿ ಒಂದು ದೇಶದಲ್ಲಿ ವ್ಯಾಪಾರ ನೆಲೆಯೂರುವಾಗಲೇ ಎರಡನೆಯದರ ಪುಟ ತೆರೆಯಿರಿ, ತಿಂಗಳಿಗೊಮ್ಮೆ ನಿಯಮ ನೋಡುವವರು ಯಾರು ಅಂತ ಹೆಸರು ಬರೆದಿಡಿ. ಐಇಸಿಯನ್ನು ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಅಪ್‌ಡೇಟ್ ಮಾಡುವುದು, ತೆರಿಗೆ ಕಟ್ಟದೆ ರಫ್ತು ಮಾಡಲು ಕೊಡುವ ಜಿಎಸ್‌ಟಿ ಮುಚ್ಚಳಿಕೆ ಪತ್ರವನ್ನು (ಎಲ್‌ಯುಟಿ) ಹಣಕಾಸು ವರ್ಷಕ್ಕೊಮ್ಮೆ ಹೊಸದಾಗಿ ಹಾಕುವುದು ಕೂಡ ಅವರ ಪಟ್ಟಿಯಲ್ಲೇ ಇರಲಿ.

ಹೊಸಬರು ಕೆಲಸಕ್ಕೆ ಸೇರಿದಾಗ ನೀವು ಹೀಗೆ ಬರೆದಿಟ್ಟದ್ದನ್ನಷ್ಟೇ ನೋಡಿ ಒಂದು ಸಣ್ಣ ಲಾಟ್ ಮಾಡಲು ಹೇಳಿ. ಎಲ್ಲಿ ಅವರು ನಿಮ್ಮನ್ನು ಕೇಳೋಕೆ ಬಂದರೋ ಅಲ್ಲಿ ಏನೋ ಬಿಟ್ಟುಹೋಗಿದೆ. ಆ ಸಾಲನ್ನು ಅವತ್ತೇ ತಿದ್ದಿ.