ಸಾಕು ಮನೆಯಿಂದ ಸ್ವಂತ ಬದುಕಿಗೆ: ಜೊತೆಗಿದ್ದವಳ ಅನುಭವ

ಹೆತ್ತವರ ಬಳಿ ಇರಲಾಗದೆ, ಅಧಿಕೃತ ಆದೇಶದ ಮೇಲೆ ಸಾಕು ಕುಟುಂಬಗಳಲ್ಲಿ ಬೆಳೆದ ಮಕ್ಕಳು ವಯಸ್ಕರಾಗಿ ಹೊರಗೆ ಕಾಲಿಡುವ ಹೊತ್ತಿನಲ್ಲಿ ಅವರ ಜೊತೆಗಿರುವ ಕೆಲಸವನ್ನು ನಾನು ಹಲವು ವರ್ಷಗಳಿಂದ ಮಾಡುತ್ತಿದ್ದೇನೆ. ಆರಂಭದ ದಿನಗಳಲ್ಲಿ ನನ್ನ ಕೈಯಲ್ಲಿ ಒಂದು ಪಟ್ಟಿ ಇರುತ್ತಿತ್ತು. ಅಡುಗೆ ಬರುತ್ತದೆಯೇ, ಬ್ಯಾಂಕ್ ಖಾತೆ ತೆರೆದಾಗಿದೆಯೇ, ಬಾಡಿಗೆ ಕರಾರುಪತ್ರವನ್ನು ಓದಿ ಅರ್ಥ ಮಾಡಿಕೊಳ್ಳಬಲ್ಲರೇ ಎಂದು ಒಂದೊಂದನ್ನೇ ಕೇಳಿ ಗುರುತು ಹಾಕುತ್ತಿದ್ದೆ. ಆ ಪಟ್ಟಿಯಲ್ಲಿ ಒಂದೂ ಬಾಕಿ ಉಳಿಸದೆ ಹೊರಟಿದ್ದ ಹುಡುಗನೊಬ್ಬ ನಾಲ್ಕೇ ತಿಂಗಳಲ್ಲಿ ತನ್ನ ಕೋಣೆಯನ್ನು ಕಳೆದುಕೊಂಡ. ಉಳಿಯಲು ಜಾಗವಿಲ್ಲದ ಇಬ್ಬರು ಗೆಳೆಯರು ಬಂದು ಸೇರಿಕೊಂಡಿದ್ದರು. ಅವರನ್ನು ಹೋಗಿ ಎನ್ನಲು ಅವನಿಗೆ ಬಾಯಿ ಬರಲಿಲ್ಲ, ಗಲಾಟೆಯಾಗಿ ಮನೆಯ ಮಾಲೀಕರು ಖಾಲಿ ಮಾಡಿಸಿದರು. ಇದು ನನಗೆ ತಿಳಿಯುವ ಹೊತ್ತಿಗೆ ಮೂರು ವಾರ ಕಳೆದಿತ್ತು. ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದಾಗ, "ನೀವು ಎಲ್ಲಾ ಕಲಿಸಿ ಕಳಿಸಿದ್ರಿ ಅಕ್ಕಾ, ಆದರೂ ಹಾಳು ಮಾಡ್ಕೊಂಡೆ ಅಂತ ಹೇಳೋಕೆ ಮುಖ ಇರಲಿಲ್ಲ" ಎಂದ.

ಹೆತ್ತವರ ಜೊತೆ ಬೆಳೆದ ಇಪ್ಪತ್ತರ ಹುಡುಗನೂ ಇಂಥದ್ದೇ ತಪ್ಪು ಮಾಡುತ್ತಾನೆ. ಆದರೆ ಅವನು ಬಟ್ಟೆಯ ಚೀಲ ಹೊತ್ತು ಮನೆಗೆ ಮರಳುತ್ತಾನೆ, ಬೈಗುಳ ತಿನ್ನುತ್ತಾನೆ, ಉಂಡು ಮಲಗುತ್ತಾನೆ, ಒಂದೆರಡು ತಿಂಗಳ ನಂತರ ಮತ್ತೆ ಹೊರಡುತ್ತಾನೆ. ನಮ್ಮ ಹುಡುಗರಿಂದ ಮಾತ್ರ ನಾವು ಮೊದಲ ಸಲವೇ ಎಲ್ಲವೂ ಸರಿಯಾಗಿರಬೇಕೆಂದು ನಿರೀಕ್ಷಿಸುತ್ತೇವೆ. ಅವರು ಎಡವುವುದಕ್ಕೆ ಮತ್ತು ಎಡವಿದ ಮೇಲೆ ಮರಳಿ ಬರುವುದಕ್ಕೆ ಜಾಗ ಮಾಡಿಕೊಡುವುದೇ ನನ್ನ ಮುಖ್ಯ ಕೆಲಸ ಎಂಬ ತೀರ್ಮಾನಕ್ಕೆ ನಾನು ಬಂದದ್ದು ಆ ಹುಡುಗನಿಂದ.

ಕಾನೂನುಗಳು ಈ ದಿಕ್ಕಿನಲ್ಲಿ ನಿಧಾನವಾಗಿಯಾದರೂ ಸಾಗಿವೆ. ವಿಶ್ವಸಂಸ್ಥೆಯ ಮಹಾಸಭೆ 2009ರಲ್ಲಿ ಅಂಗೀಕರಿಸಿದ ಮಕ್ಕಳ ಪರ್ಯಾಯ ಪಾಲನೆಯ ಮಾರ್ಗಸೂಚಿಗಳು, ಹೊರಡುವ ಸಿದ್ಧತೆಯನ್ನು ಆದಷ್ಟು ಬೇಗ ಆರಂಭಿಸಬೇಕು ಮತ್ತು ಸಾಧ್ಯವಾದಾಗಲೆಲ್ಲ ಪ್ರತಿ ಮಗುವಿಗೂ ಅದಕ್ಕಾಗಿಯೇ ಒಬ್ಬ ವ್ಯಕ್ತಿಯನ್ನು ಗೊತ್ತುಮಾಡಬೇಕು ಎಂದು ಹೇಳುತ್ತವೆ. ಅಮೆರಿಕದಲ್ಲಿ 2008ರ ಕಾನೂನಿನ ಬಳಿಕ ರಾಜ್ಯಗಳು 21 ವರ್ಷ ವಯಸ್ಸಿನವರೆಗೆ ಆಸರೆ ಮುಂದುವರಿಸಲು ಕೇಂದ್ರದ ನೆರವು ಪಡೆಯಬಹುದು. ಇಂಗ್ಲೆಂಡಿನಲ್ಲಿ 2014ರ ಕಾಯ್ದೆಯು 18 ತುಂಬಿದವರು ಸಾಕು ಕುಟುಂಬದವರೂ ಒಪ್ಪಿದರೆ 21ರವರೆಗೆ ಅಲ್ಲೇ ಉಳಿಯಲು ಬೆಂಬಲ ಒದಗಿಸಿತು, 2017ರ ಕಾಯ್ದೆಯು ಸಲಹೆಗಾರರ ನೆರವನ್ನು 25ರವರೆಗೆ ವಿಸ್ತರಿಸಿತು. ಭಾರತದ 2015ರ ಬಾಲನ್ಯಾಯ ಕಾಯ್ದೆಯೂ 18ರ ನಂತರದ ಅನುಪಾಲನೆಯನ್ನು, ಅಂದರೆ ಪಾಲನೆ ಮುಗಿದ ಮೇಲಿನ ನೆರವನ್ನು, ಗುರುತಿಸಿದೆ. ಮುಂದಾಲೋಚನೆ ಮತ್ತು ಆವೇಗದ ಹಿಡಿತಕ್ಕೆ ಸಂಬಂಧಿಸಿದ ಮಿದುಳಿನ ಮುಂಭಾಗ ಇಪ್ಪತ್ತೈದರ ಆಸುಪಾಸಿನವರೆಗೂ ಬಲಿಯುತ್ತಲೇ ಇರುತ್ತದೆ ಎಂಬುದನ್ನು ನೆನೆದರೆ, ಈ ವಿಸ್ತರಣೆಗಳು ಉದಾರತೆಯಿಂದ ಕೊಟ್ಟವು ಎಂದು ನನಗೆ ಅನ್ನಿಸುವುದಿಲ್ಲ. ಅವು ಮೊದಲೇ ಆಗಬೇಕಿದ್ದ ಕೆಲಸ.

ನಾನು ಈಗ ಹದಿನೈದು ಹದಿನಾರನೇ ವಯಸ್ಸಿನಲ್ಲೇ ಆರಂಭಿಸುತ್ತೇನೆ, ಅದೂ ನಿರ್ಧಾರ ಮಾಡುವುದನ್ನು ಕಲಿಸುವುದರಿಂದ. ವ್ಯವಸ್ಥೆಯ ಪಾಲನೆಯಲ್ಲಿ ಬೆಳೆದ ಮಗುವಿನ ಶಾಲೆ, ಮನೆ, ಹೆತ್ತವರ ಭೇಟಿಯ ದಿನ ಎಲ್ಲವನ್ನೂ ಸಭೆಗಳು ತೀರ್ಮಾನಿಸಿರುತ್ತವೆ. ಹದಿನೆಂಟರ ಹುಟ್ಟುಹಬ್ಬದ ಮರುದಿನ ಅದೇ ಮಗು ಎಲ್ಲವನ್ನೂ ತಾನೇ ತೀರ್ಮಾನಿಸಬೇಕಾಗುತ್ತದೆ.

ಒಂದು ಮನೆಯಲ್ಲಿ ಸಾಕು ತಾಯಿಯ ಒಪ್ಪಿಗೆ ಪಡೆದು, ಹದಿನಾರರ ಹುಡುಗಿಯೊಬ್ಬಳಿಗೆ ಅವಳ ಬಟ್ಟೆಬರೆ, ಫೋನ್ ಮತ್ತು ಸಣ್ಣಪುಟ್ಟ ಖರ್ಚಿನ ಇಡೀ ತಿಂಗಳ ಹಣವನ್ನು ಒಟ್ಟಿಗೆ ಅವಳ ಕೈಗೆ ಕೊಟ್ಟೆವು. ಒಂಬತ್ತು ದಿನಗಳಲ್ಲಿ ಹಣ ಮುಗಿಯಿತು, ಅದರ ಬಹುಪಾಲು ಒಂದು ಜೊತೆ ಶೂಗಳಿಗೆ ಹೋಗಿತ್ತು. ಸಾಕು ತಾಯಿಗೆ ಕರುಳು ತಡೆಯದೆ ಮತ್ತೆ ಕೊಡಲು ಹೊರಟರು. ಊಟಕ್ಕೆ, ಶಾಲೆಗೆ ಏನೂ ಕೊರತೆಯಿಲ್ಲ, ಸ್ವಲ್ಪ ದಿನ ತಡೆಯಿರಿ ಎಂದು ನಾನು ಬೇಡಿಕೊಂಡೆ. ಹನ್ನೆರಡನೆಯ ದಿನ ಹುಡುಗಿ ತಾನಾಗಿಯೇ ಒಂದು ಹಾಳೆಯಲ್ಲಿ ಖರ್ಚನ್ನು ಬರೆದುಕೊಂಡು ಬಂದಳು. ಇಬ್ಬರೂ ಕುಳಿತು ನೋಡುತ್ತಾ ಹೋದಾಗ, ಹಳೆಯ ಶೂಗಳ ಅಟ್ಟೆ ಎರಡು ತಿಂಗಳ ಹಿಂದೆಯೇ ಕಿತ್ತುಹೋಗಿತ್ತು ಎಂಬುದು ಹೊರಬಿತ್ತು. ಏನನ್ನು ಕೇಳಿದರೂ ಅದು ಯಾರದೋ ಕಡತದಲ್ಲಿ ಅರ್ಜಿಯಾಗುತ್ತದೆ ಎಂದು ತಿಳಿದಿದ್ದ ಅವಳು ಕೇಳಿರಲೇ ಇಲ್ಲ. ದುಂದುವೆಚ್ಚ ಎಂದು ನಾನು ಬಗೆದದ್ದು ಅವಳು ತನಗಾಗಿ ಮಾಡಿಕೊಂಡ ಮೊದಲ ಸರಿಯಾದ ಖರೀದಿಯಾಗಿತ್ತು. ಉಳಿದ ದಿನಗಳಿಗೆ ಹಣ ಎತ್ತಿಡುವುದು ಮಾತ್ರ ಅವಳಿಗೆ ಗೊತ್ತಿರಲಿಲ್ಲ, ಅದನ್ನು ಮುಂದಿನ ಎರಡು ತಿಂಗಳಲ್ಲಿ ಕಲಿತಳು. ಅಂದಿನಿಂದ ಯಾರ ಖರ್ಚಿನ ಲೆಕ್ಕ ನೋಡುವಾಗಲೂ ನಾನು ಮೊದಲು ಕಾರಣ ಕೇಳುತ್ತೇನೆ.

ದಾಖಲೆಗಳ ವಿಷಯಕ್ಕೆ ಹೆಚ್ಚು ಸಮಯ ಬೇಕು, ಯಾರೂ ಊಹಿಸದಷ್ಟು ಬೇಕು. ಮನೆಯಿಂದ ಮನೆಗೆ, ಶಾಲೆಯಿಂದ ಶಾಲೆಗೆ ಬದಲಾದ ಮಕ್ಕಳ ಕಾಗದಪತ್ರಗಳಲ್ಲಿ ಹೆಸರು ಒಂದೊಂದು ಕಡೆ ಒಂದೊಂದು ಬಗೆಯಲ್ಲಿರುತ್ತದೆ. ಒಬ್ಬ ಹುಡುಗನ ಹೆಸರು ಜನನ ಪ್ರಮಾಣಪತ್ರದಲ್ಲಿ ಒಂದು ರೀತಿ, ಶಾಲೆಯ ದಾಖಲೆಯಲ್ಲಿ ಇನ್ನೊಂದು ರೀತಿ, ಗುರುತಿನ ಚೀಟಿಯಲ್ಲಿ ಮತ್ತೊಂದು ರೀತಿ ಇತ್ತು. ಅದನ್ನು ಸರಿಪಡಿಸಲು ಎಂಟು ತಿಂಗಳು ಓಡಾಡಿದೆವು. ಹೊರಡುವ ಮುನ್ನ ಅವನು ಅಪ್ರಾಪ್ತನಾಗಿದ್ದಾಗಲೇ ಆರಂಭಿಸಿದ್ದರಿಂದ ಅದು ಮುಗಿಯಿತು. ಹೆಸರಿನ ಈ ವ್ಯತ್ಯಾಸ ಕೆಲಸಕ್ಕೆ ಸೇರುವ ದಿನ ಬೆಳಕಿಗೆ ಬಂದಿದ್ದರೆ ಆ ಕೆಲಸ ಕೈತಪ್ಪುತ್ತಿತ್ತು. ಇವುಗಳ ಜೊತೆಗೆ, ತಾನು ಇಂತಿಷ್ಟು ಕಾಲ ಸಾಕು ಕುಟುಂಬದ ಪಾಲನೆಯಲ್ಲಿದ್ದೆ ಎಂದು ತೋರಿಸುವ ಅಧಿಕೃತ ಆದೇಶದ ಪ್ರತಿಯನ್ನು ನಾನು ಪ್ರತಿಯೊಬ್ಬರಿಗೂ ತಪ್ಪದೆ ಕೊಡಿಸುತ್ತೇನೆ. 18ರ ನಂತರದ ಯಾವ ನೆರವಿಗೆ ಅರ್ಜಿ ಹಾಕಬೇಕಾದರೂ ಅದನ್ನು ಕೇಳುವ ಸಂಭವವಿದೆ, ಕಡತ ಮುಚ್ಚಿದ ಮೇಲೆ ಅದನ್ನು ಹುಡುಕಿ ತೆಗೆಸುವುದು ಬಹಳ ಕಷ್ಟ. ಮೂಲ ಪ್ರತಿ ಅವರ ಕೈಯಲ್ಲಿ, ನಕಲು ಸಾಕು ಮನೆಯಲ್ಲಿ ಎಂಬುದು ನಮ್ಮ ಪದ್ಧತಿ. ಕೋಣೆ ಬದಲಿಸುವಾಗ ಮೊದಲು ಕಳೆದುಹೋಗುವುದು ಕಾಗದಗಳೇ.

ಆರೋಗ್ಯದ ವಿವರವೂ ಇದೇ ಕಡತದಲ್ಲಿರಬೇಕು. ಲಸಿಕೆಗಳು, ಹಿಂದಿನ ಕಾಯಿಲೆಗಳು, ಒಗ್ಗದ ಔಷಧಗಳು ಹೇಗೋ ಸಿಗುತ್ತವೆ. ಆದರೆ ವೈದ್ಯರು ಸಹಜವಾಗಿ "ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಇದೆಯಾ?" ಎಂದು ಕೇಳಿದಾಗ ಹುಡುಗಿಯೊಬ್ಬಳು ತಲೆ ತಗ್ಗಿಸಿ ಕುಳಿತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆಮೇಲೆ ಅವಳೂ ನಾನೂ ಕೂಡಿ ಒಂದು ಉತ್ತರವನ್ನು ಸಿದ್ಧಮಾಡಿದೆವು: "ನಾನು ಸಾಕು ಕುಟುಂಬದಲ್ಲಿ ಬೆಳೆದವಳು, ಆ ವಿವರ ನನ್ನ ಹತ್ತಿರ ಇಲ್ಲ." ಅಳುಕದೆ ಬಾಯಿಗೆ ಬರುವವರೆಗೆ ಅದನ್ನು ಹೇಳಿ ಹೇಳಿ ಅಭ್ಯಾಸ ಮಾಡಿದಳು. ಈಗ ಎಲ್ಲರ ಜೊತೆಗೂ ಇದನ್ನು ಮಾಡುತ್ತೇನೆ.

ಸಾಕು ತಂದೆತಾಯಿಯರ ಜೊತೆ ಮಾತಾಡುವುದು ಈ ಕೆಲಸದಲ್ಲಿ ನನಗೆ ಅತ್ಯಂತ ಕಠಿಣವೆನಿಸಿದ ಭಾಗ. ಪಾಲನೆಗೆ ಸಿಗುತ್ತಿದ್ದ ನೆರವು ನಿಂತ ಮೇಲೆ ಮಗು ಅಲ್ಲೇ ಇರಬಹುದೇ, ಹಬ್ಬಕ್ಕೆ ಬರಬಹುದೇ, ಕಾಯಿಲೆ ಬಿದ್ದರೆ ನಾಲ್ಕು ದಿನ ಮಲಗಲು ಜಾಗ ಸಿಗುತ್ತದೆಯೇ ಎಂಬ ಪ್ರಶ್ನೆಗಳನ್ನು ಎಲ್ಲರೂ ಮನಸ್ಸಿನಲ್ಲಿಟ್ಟುಕೊಂಡು ಯಾರೂ ಬಾಯಿಬಿಟ್ಟು ಕೇಳದೆ ಉಳಿಯುತ್ತಾರೆ. ಮಗು ಉತ್ತರ 'ಇಲ್ಲ' ಎಂದೇ ಎಣಿಸುತ್ತದೆ, ಸಾಕು ತಾಯಿ 'ಅದನ್ನೂ ಹೇಳಬೇಕೇ' ಎಂದುಕೊಂಡಿರುತ್ತಾರೆ. ಆದ್ದರಿಂದ ಹೊರಡುವುದಕ್ಕೆ ಒಂದು ವರ್ಷ ಮೊದಲು ಎಲ್ಲರನ್ನೂ ಒಂದೆಡೆ ಕೂರಿಸಿ ಈ ಪ್ರಶ್ನೆಗಳನ್ನು ನಾನೇ ಕೇಳುತ್ತೇನೆ. ಕೆಲವು ಕುಟುಂಬಗಳಿಗೆ ನಿಜವಾಗಿಯೂ ಸಾಧ್ಯವಿರುವುದಿಲ್ಲ, ಆ ಕೋಣೆಗೆ ಇನ್ನೊಂದು ಮಗು ಬರಲಿರುತ್ತದೆ. ಅದನ್ನು ಒಂದು ವರ್ಷ ಮೊದಲೇ ಕೇಳಿದ ಮಗು ಅತ್ತರೂ ಬೇರೆ ಆಸರೆ ಹುಡುಕಲು ನಮಗೆ ಸಮಯ ಸಿಗುತ್ತದೆ. ಒಡಹುಟ್ಟಿದ ತಮ್ಮನೋ ತಂಗಿಯೋ ಇನ್ನೂ ಪಾಲನೆಯಲ್ಲಿದ್ದರೆ ಅವರ ಭೇಟಿಯ ದಿನಗಳನ್ನೂ ಅಂದೇ ಬರೆದಿಡುತ್ತೇವೆ.

ಹೊರಡುವ ಮುನ್ನ ಅಭ್ಯಾಸದ ವಾಸವೊಂದನ್ನು ಏರ್ಪಡಿಸುತ್ತೇನೆ. ಮೊದಲು ಎರಡು ದಿನ, ನಂತರ ಒಂದು ವಾರ, ಆಮೇಲೆ ಮೂರು ವಾರ ಬೇರೆ ಕೋಣೆಯಲ್ಲಿ ಒಬ್ಬರೇ ಇದ್ದು ಮತ್ತೆ ಸಾಕು ಮನೆಗೆ ಮರಳುವ ಕ್ರಮ ಅದು. ಇಂಥ ಒಂದು ವಾಸದ ಮೊದಲ ರಾತ್ರಿ ಹನ್ನೊಂದೂವರೆಗೆ ಒಬ್ಬ ಹುಡುಗ ನನಗೆ ಫೋನ್ ಮಾಡಿ, ಒಲೆ ಆರಿಸಿದ್ದೇನೋ ಇಲ್ಲವೋ ನೆನಪಾಗುತ್ತಿಲ್ಲ ಎಂದ. ಎದ್ದು ನೋಡಲು ಹೇಳಿದೆ. ಆರಿಸಿದ್ದ. ಆದರೂ ಫೋನ್ ಇಡಲಿಲ್ಲ. ಸ್ವಲ್ಪ ಹೊತ್ತಿನ ನಂತರ, "ಇಲ್ಲಿ ಯಾರೂ ಕೆಮ್ಮೋದೇ ಇಲ್ಲ ಅಕ್ಕಾ" ಎಂದ. ಅವನ ಸಾಕು ಮನೆಯಲ್ಲಿ ಅಜ್ಜನೊಬ್ಬರು ರಾತ್ರಿಯಿಡೀ ಕೆಮ್ಮುತ್ತಿದ್ದರು. ಅವನು ಒಂಟಿತನಕ್ಕೆ ಅಂಜುವವನೆಂದು ನನ್ನ ಯಾವ ಪಟ್ಟಿಯಿಂದಲೂ ತಿಳಿದಿರಲಿಲ್ಲ. ಕೊನೆಗೆ ಅವನಿಗೆ ಒಂಟಿ ಕೋಣೆಯ ಬದಲು ಮೂವರು ಹಂಚಿಕೊಂಡಿರುವ ಮನೆಯಲ್ಲಿ ಜಾಗ ಹುಡುಕಿದೆವು.

ಮೊದಲು ಹೇಳಿದ ಹುಡುಗ ಗೆಳೆಯರಿಗೆ 'ಇಲ್ಲ' ಎನ್ನಲಾರದೆ ಹೋದದ್ದೂ ಇದೇ ಒಂಟಿತನದಿಂದ. ಆದ್ದರಿಂದ 'ಇಲ್ಲ' ಎನ್ನಲು ಕಲಿಸುವುದಕ್ಕಿಂತ ಮೊದಲು ವಾರಕ್ಕೆ ಎರಡು ಸಂಜೆಯಾದರೂ ಅವರು ಎಲ್ಲಿಗೆ, ಯಾರ ಬಳಿಗೆ ಹೋಗುತ್ತಾರೆ ಎಂದು ವಿಚಾರಿಸುತ್ತೇನೆ. ಹೆತ್ತವರನ್ನು ಹುಡುಕಿಕೊಂಡು ಹೋಗುವುದು ಕೂಡ ಹೆಚ್ಚಾಗಿ ಈ ತಿಂಗಳುಗಳಲ್ಲೇ. ಅದನ್ನು ನಾನು ತಡೆಯುವುದಿಲ್ಲ. ಹೋಗುವ ಮುನ್ನ ತಿಳಿಸಲಿ, ಮರಳಿದ ದಿನ ಫೋನ್ ಮಾಡಲಿ ಎಂದಷ್ಟೇ ಕೇಳಿಕೊಳ್ಳುತ್ತೇನೆ. ಸಂಬಳ ಬಂದ ವಾರವೇ ಸಾಲಕ್ಕೆ ಜಾಮೀನು ಸಹಿ ಹಾಕೆಂದು ಕೇಳುವ ಬಂಧುಗಳು ಎದುರಾಗುವುದುಂಟು. ಯಾವುದಕ್ಕೂ ಸಹಿ ಹಾಕುವ ಮುನ್ನ ಒಂದು ರಾತ್ರಿ ಬಿಟ್ಟು ಉತ್ತರಿಸುವ ಅಭ್ಯಾಸವನ್ನು ಅವರಿಗೆ ಮೊದಲೇ ಮಾಡಿಸಿರುತ್ತೇನೆ.

ಕೆಲವರು ನನ್ನಿಂದ ಏನನ್ನೂ ಬಯಸದೆ ಹೊರಟುಬಿಡುತ್ತಾರೆ. ವರ್ಷಾನುಗಟ್ಟಲೆ ಅಧಿಕಾರಿಗಳ ಮುಖ ನೋಡಿ ಬೇಸತ್ತವರು ಅವರು, ಅದರಲ್ಲಿ ತಪ್ಪಿಲ್ಲ. ಅವರಿಗೆ ತಿಂಗಳಿಗೊಂದು ಸಂದೇಶ ಕಳಿಸುತ್ತೇನೆ, ಉತ್ತರ ಬೇಕೆಂದು ಅದರಲ್ಲಿ ಬರೆಯುವುದಿಲ್ಲ. ಒಬ್ಬಳು ಹದಿನಾಲ್ಕು ತಿಂಗಳ ನಂತರ ಉತ್ತರಿಸಿದಳು.

ಈಗ ನನ್ನ ಜೊತೆಗಿರುವ ಹುಡುಗಿ ಇನ್ನೆರಡು ತಿಂಗಳಲ್ಲಿ ಹೊರಡಲಿದ್ದಾಳೆ. ಹಿಂದಿನ ಎರಡು ಸಲ ಕೋಣೆ ನೋಡಲು ಹೋದಾಗ ಮಾಲೀಕರು ಕೇಳಿದ್ದಕ್ಕೆಲ್ಲ ನಾನೇ ಉತ್ತರ ಕೊಟ್ಟಿದ್ದೆ. ಬರುವ ವಾರ ಮೂರನೆಯ ಕೋಣೆ ನೋಡಲು ಹೋಗುತ್ತಿದ್ದೇವೆ. "ನೀವು ಹೊರಗೇ ನಿಂತಿರಿ ಅಕ್ಕಾ, ಬೇಕಾದ್ರೆ ಕರೀತೀನಿ" ಎಂದು ಅವಳು ನಿನ್ನೆಯೇ ಹೇಳಿದ್ದಾಳೆ.